ಕರಾವಳಿಯಲ್ಲಿ ನಮ್ಮ ಕಾರವಾನ್

'ಕ್ಯಾರವಾನ್' ಇಂಗ್ಲಿಷ್ ಪದವೆಂದು ನಾನು ತಿಳಿದಿದ್ದೆ. ಅದು ಬಂದದ್ದು ಫಾರಸಿಯ 'ಕಾರವಾನ್'ನಿಂದ. ನಮ್ಮ ಮನೆಯ ಉರ್ದುವಿನಲ್ಲಿ ಅದಕ್ಕೆ ಈಗಲೂ ಪ್ರಯಾಣಿಕರ ಗುಂಪು ಎಂದೇ ಅರ್ಥ. ಇಂದಿನ ಕ್ಯಾರವಾನ್ ಎಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ವಾಹನ.

ಕಳೆದ ಡಿಸೆಂಬರ್‌ನಲ್ಲಿ ಅಬ್ಬಾ ಇಂಥದೊಂದನ್ನು ಬಾಡಿಗೆಗೆ ತಂದರು. ಮಂಡಿನೋವಿನ ದಾದಿಮಾ, "ನನ್ನಿಂದ ನಿಮಗೆಲ್ಲ ತೊಂದರೆ, ನಾನು ಬರಲ್ಲ" ಎಂದರು. ಬಾಡಿಗೆ ಸ್ಥಿರ ವೆಚ್ಚ, ಐವರು ಹೋದರೂ ಆರು ಜನ ಹೋದರೂ ಅಷ್ಟೇ ಎಂದು ಲೆಕ್ಕ ಹೇಳಿ ಒಪ್ಪಿಸಿದೆ.

ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ದಾದಿಮಾ ಕಿಟಕಿಯಿಂದಲೇ ಎರಡನ್ನೂ ನೋಡಿದರು.

ಗೋಕರ್ಣದಲ್ಲಿ ಹಾಗಲ್ಲ. ಓಂ ಬೀಚ್‌ನಿಂದ ಹಾಫ್ ಮೂನ್ ಬೀಚ್‌ಗೆ ವಾಹನ ಹೋಗುವುದಿಲ್ಲ. ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ನಡೆಯುವವರು ಕುಡಿಯುವ ನೀರು ಒಯ್ಯಬೇಕು, ಕತ್ತಲಾಗುವ ಮೊದಲೇ ಮರಳಬೇಕು. ಮಳೆಗಾಲದಲ್ಲಿ ಬಂಡೆ ಜಾರುತ್ತದೆ, ಕಡಲು ಅಬ್ಬರಿಸುತ್ತದೆ, ಆಗ ಹೋಗಬಾರದು.

ನಾವು ಮರಳಿದಾಗ ದಾದಿಮಾ ಚಹಾ ಕಾಯಿಸಿಟ್ಟಿದ್ದರು. "ಅಲ್ಲಿ ಏನೇನಿತ್ತು, ಹೇಳು" ಎಂದರು. ನಡೆದು ನೋಡಿದ್ದನ್ನೆಲ್ಲ ಅವರ ಪಕ್ಕ ಕೂತು ಹೇಳಿದೆ.

ನೀವು ಪ್ರವಾಸಕ್ಕೆ ಲೆಕ್ಕ ಹಾಕುವಾಗ ಮನೆಯ ಹಿರಿಯರ ಸೀಟನ್ನು ಮೊದಲು ಸೇರಿಸಿ.