ಸ್ಟಾರ್ಟ್ ಆಗದ ಪಿಕಪ್: ದೋಷ ಪತ್ತೆಯ ಭೌತವಿಜ್ಞಾನ

ಹಾಸನದ ಆಲೂಗೆಡ್ಡೆ, ಚನ್ನರಾಯಪಟ್ಟಣದ ತೆಂಗಿನಕಾಯಿ, ಹೊಳೆನರಸೀಪುರದ ಭತ್ತ, ಅರಕಲಗೂಡಿನ ಶುಂಠಿ ಮತ್ತು ತಂಬಾಕು ಹೊಲದಿಂದ ಮಾರುಕಟ್ಟೆಗೆ ಸಾಗುವಾಗ ಪಿಕಪ್ ವಾಹನಗಳ ನೆರವು ದೊಡ್ಡದು. ಇವುಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದ ಗಾಡಿಗಳೂ ಉಂಟು. ನಸುಕಿನಲ್ಲಿ ಲೋಡು ಹೊತ್ತು ನಿಂತ ಗಾಡಿ ಸ್ಟಾರ್ಟ್ ಆಗದಿದ್ದರೆ ಹರಾಜಿನ ಹೊತ್ತು ಮೀರುತ್ತದೆ, ಅಂದಿನ ದರ ಕೈತಪ್ಪುತ್ತದೆ. ಅವಸರದಲ್ಲಿ ಮೊದಲು ಬ್ಯಾಟರಿ ಬದಲಿಸಿ, ಆಮೇಲೆ ಸೆಲ್ಫ್ ಮೋಟರು ಬಿಚ್ಚಿ, ಕೊನೆಗೆ ಪಂಪನ್ನೂ ಕಳಚಿದರೆ ಸಾವಿರಾರು ರೂಪಾಯಿ ಕರಗುತ್ತದೆ. ದೋಷವಾದರೋ ಎಷ್ಟೋ ಸಲ ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ ಅಥವಾ ಸಡಿಲಗೊಂಡ ಒಂದು ಕೊಳವೆಯಲ್ಲಿ ಅಡಗಿರುತ್ತದೆ.

ದೋಷ ಪತ್ತೆಗೆ ಊಹೆಗಿಂತ ಪ್ರಶ್ನೆ ಮೇಲು. ಪ್ರತಿ ಪ್ರಶ್ನೆಯೂ ಸಂಶಯಾಸ್ಪದ ಭಾಗಗಳನ್ನು ಎರಡು ಪಾಲು ಮಾಡಿ ಒಂದು ಪಾಲನ್ನು ಕೈಬಿಡುವಂತಿರಬೇಕು. ಹದಿನಾರು ಸಂಶಯಗಳಿದ್ದರೆ ಇಂತಹ ನಾಲ್ಕು ಪ್ರಶ್ನೆಗಳಲ್ಲಿ ಒಂದೇ ಉಳಿಯುತ್ತದೆ. ಈ ಪ್ರಶ್ನೆಗಳಿಗೆ ಬೇಕಾದ ಭೌತವಿಜ್ಞಾನವೆಲ್ಲ ಪಿ.ಯು. ತರಗತಿಯ ಪಠ್ಯದಲ್ಲೇ ಇದೆ.

ಎಂಜಿನ್‌ನ ಮೂರು ಅಗತ್ಯಗಳು

ನಮ್ಮ ಕಡೆಯ ಪಿಕಪ್‌ಗಳು ಹೆಚ್ಚಾಗಿ ಡೀಸೆಲ್ ಗಾಡಿಗಳು. ಪೆಟ್ರೋಲ್ ಎಂಜಿನ್‌ನಂತೆ ಇಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಆ ಬಿಸಿಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. 1897ರಲ್ಲಿ ರುಡಾಲ್ಫ್ ಡೀಸೆಲ್ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್‌ನ ತತ್ತ್ವವೂ ಇದೇ. ಡೀಸೆಲನ್ನು ನಾಝಲ್‌ಗೆ ತಳ್ಳುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿತು. ಬೆಂಗಳೂರಿನ ಆಡುಗೋಡಿಯಲ್ಲಿ ಅಂತಹ ಪಂಪುಗಳನ್ನು ದಶಕಗಳ ಕಾಲ ತಯಾರಿಸಿದ ಮೈಕೊ ಸಂಸ್ಥೆ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು.

ಹೀಗಾಗಿ ಎಂಜಿನ್ ಚಾಲೂ ಆಗಲು ಮೂರು ಸಂಗತಿಗಳು ಬೇಕು: ಸಾಕಷ್ಟು ವೇಗದ ತಿರುಗುವಿಕೆ, ಹೆಚ್ಚಿನ ಒತ್ತಡದಲ್ಲಿ ಸಕಾಲಕ್ಕೆ ಬರುವ ಇಂಧನ, ಚೆನ್ನಾಗಿ ಕಾದ ಗಾಳಿ.

ಮೊದಲ ಪ್ರಶ್ನೆ: ಎಂಜಿನ್ ತಿರುಗುತ್ತಿದೆಯೇ?

ಕೀಲಿ ತಿರುಗಿಸಿದಾಗ ‘ಟಕ್’ ಎಂಬ ಸದ್ದು ಮಾತ್ರ ಬಂದರೆ, ಅಥವಾ ಎಂಜಿನ್ ಏದುಸಿರು ಬಿಟ್ಟಂತೆ ನಿಧಾನವಾಗಿ ತಿರುಗಿದರೆ, ಇಂಧನದ ಕಡೆ ಸದ್ಯಕ್ಕೆ ನೋಡಬೇಕಾಗಿಲ್ಲ. ದೋಷ ಬಹುಪಾಲು ವಿದ್ಯುತ್ ಮಂಡಲದಲ್ಲಿದೆ.

‘ಹಾರ್ನ್ ಜೋರಾಗಿ ಹೊಡೆಯುತ್ತದೆ, ಆದ್ದರಿಂದ ಬ್ಯಾಟರಿಯೂ ಅದರ ಜೋಡಣೆಯೂ ಸರಿಯಿದೆ’ ಎಂಬ ವಾದವನ್ನು ಅನೇಕರು ಮುಂದಿಡುತ್ತಾರೆ. ಓಮ್‌ನ ನಿಯಮವನ್ನು ಅನ್ವಯಿಸಿ ನೋಡಿ. ಬ್ಯಾಟರಿಯ ಟರ್ಮಿನಲ್ ಮೇಲೆ ಕಿಲುಬು ಕಟ್ಟಿ 0.02 ಓಮ್ ರೋಧ ಸೇರಿಕೊಂಡಿದೆ ಎನ್ನೋಣ. ಹಾರ್ನ್ ಸುಮಾರು 5 ಆಂಪೇರ್ ಎಳೆಯುತ್ತದೆ. ಅಲ್ಲಿ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಸೆಲ್ಫ್ ಮೋಟರಿಗೆ 200 ಆಂಪೇರ್‌ನಷ್ಟು ಬೇಕು. ಅಷ್ಟು ಹರಿದರೆ ಅದೇ ಕಿಲುಬಿನಲ್ಲಿ 4 ವೋಲ್ಟ್ ನಷ್ಟವಾಗುತ್ತದೆ. ಹಾರ್ನ್‌ಗೆ ಕಾಣದ ದೋಷ ಮೋಟರನ್ನು ನಿಲ್ಲಿಸಿಬಿಡುತ್ತದೆ.

ಇದನ್ನು ಅಳೆಯಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12ಕ್ಕಿಂತ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಬಳಿಕ ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರ್ ನೋಡಬೇಕು. ತುಂಬಿದ ಬ್ಯಾಟರಿಯೂ ಸುಮಾರು 9.5 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಅದರ ಆಂತರಿಕ ರೋಧ ಹೆಚ್ಚಿದೆ, ಅಥವಾ ಮೋಟರು ಅತಿಯಾಗಿ ಎಳೆಯುತ್ತಿದೆ. ಬ್ಯಾಟರಿ ಕುಸಿಯದಿದ್ದರೂ ಮೋಟರು ತಿರುಗದಿದ್ದರೆ ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೂ ಇನ್ನೊಂದನ್ನು ಎಂಜಿನ್‌ನ ಲೋಹಕ್ಕೂ ಹಿಡಿದು ಮತ್ತೆ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ತಂತಿಯ ಜೋಡಣೆ ಕೆಟ್ಟಿದೆ. ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ. ಒಂದು ತುಂಡು ಉಪ್ಪುಕಾಗದ ಮತ್ತು ಒಂದು ಸ್ಪ್ಯಾನರ್ ಇದಕ್ಕೆ ಮದ್ದು.

ಎರಡನೆಯ ಪ್ರಶ್ನೆ: ಹೊಗೆ ಬರುತ್ತಿದೆಯೇ?

ಎಂಜಿನ್ ಚುರುಕಾಗಿ ತಿರುಗುತ್ತಿದ್ದರೂ ಹೊತ್ತಿಕೊಳ್ಳುತ್ತಿಲ್ಲ ಎನ್ನೋಣ. ಈಗ ಸೈಲೆನ್ಸರಿನ ಬಾಯಿ ನೋಡಬೇಕು. ಬಿಳಿ ಹೊಗೆ ಬರುತ್ತಿದ್ದರೆ ಅದು ಉರಿಯದ ಡೀಸೆಲ್ಲಿನ ಮಂಜು: ಇಂಧನ ಸಿಲಿಂಡರಿಗೆ ತಲುಪುತ್ತಿದೆ, ಬಿಸಿ ಸಾಲದು. ಹೊಗೆಯೇ ಇಲ್ಲದಿದ್ದರೆ ಇಂಧನ ತಲುಪುತ್ತಿಲ್ಲ. ಯಾವ ಉಪಕರಣವೂ ಇಲ್ಲದೆ ಸಂಶಯಗಳು ಮತ್ತೆ ಅರ್ಧಕ್ಕೆ ಇಳಿದವು.

ಇಂಧನ ತಲುಪದಿದ್ದಾಗ ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ, ಎಂಜಿನ್ ನಿಲ್ಲಿಸುವ ಕೇಬಲ್ ಎಳೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿ. ಕೇಬಲ್ ಬದಲು ಪಂಪಿನ ಮೇಲೆ ಸೊಲೆನಾಯ್ಡ್ ಇರುವ ಅನೇಕ ಗಾಡಿಗಳಲ್ಲಿ ಕೀಲಿ ಹಾಕಿದಾಗ ಅದರಿಂದ ‘ಟಿಕ್’ ಎಂಬ ಸಣ್ಣ ಸದ್ದು ಕೇಳಬೇಕು. ಅನಂತರ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರು ಸೇರಿದೆಯೇ ಪರೀಕ್ಷಿಸಿ. ನೀರು ಡೀಸೆಲ್ಲಿಗಿಂತ ಸಾಂದ್ರ, ತಳದಲ್ಲೇ ನಿಲ್ಲುತ್ತದೆ.

ಒಂದು ಗುಳ್ಳೆಯ ಲೆಕ್ಕ

ಇವೆಲ್ಲ ಸರಿಯಿದ್ದರೆ ಮುಂದಿನ ಸಂಶಯ ಗಾಳಿಯದು. ‘ಏರ್ ಹಿಡಿದಿದೆ’ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ. ಟ್ಯಾಂಕ್ ಸಾಮಾನ್ಯವಾಗಿ ಪಂಪಿಗಿಂತ ಕೆಳಗಿರುವುದರಿಂದ ಪಂಪು ಡೀಸೆಲನ್ನು ಹೀರಿಕೊಳ್ಳಬೇಕು. ಹೀರುವ ಕೊಳವೆಯಲ್ಲಿ ಒತ್ತಡ ವಾಯುಮಂಡಲದ್ದಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳನುಗ್ಗುತ್ತದೆ. ಹೊರಗೆ ಒಣಗಿಯೇ ಕಾಣುವ ಕೊಳವೆ ಹಾಗಾಗಿ ನಮ್ಮನ್ನು ಮೋಸಗೊಳಿಸುತ್ತದೆ.

ಸಣ್ಣ ಗುಳ್ಳೆಯಿಂದ ಆಗುವ ಹಾನಿ ಎಷ್ಟು? ಇಂತಹ ಎಂಜಿನ್‌ನಲ್ಲಿ ನಾಝಲ್ ತೆರೆಯಲು ವಾಯುಮಂಡಲದ ಸುಮಾರು 200 ಪಟ್ಟು ಒತ್ತಡ ಬೇಕು. ಪಂಪು ಒಂದು ಹೊಡೆತಕ್ಕೆ ತಳ್ಳುವ ಡೀಸೆಲ್ ಹೆಚ್ಚುಕಡಿಮೆ ಒಂದು ಹನಿ, ಅಂದರೆ 0.05 ಮಿಲಿಲೀಟರ್. ಅಷ್ಟು ಒತ್ತಡಕ್ಕೆ ದ್ರವವಾದ ಡೀಸೆಲ್ಲಿನ ಗಾತ್ರ ಕುಗ್ಗುವುದು ಶೇಕಡ ಒಂದೂವರೆಯ ಆಸುಪಾಸು ಮಾತ್ರ. ಗಾಳಿಯಾದರೋ ಬಾಯ್ಲನ ನಿಯಮದಂತೆ 200ರಲ್ಲಿ ಒಂದು ಪಾಲಿಗೆ ಕುಗ್ಗಬೇಕು. ಹನಿಯಷ್ಟೇ ಗಾತ್ರದ ಒಂದು ಗುಳ್ಳೆ ಕೊಳವೆಯಲ್ಲಿದ್ದರೆ ಪಂಪಿನ ಇಡೀ ಹೊಡೆತ ಅದನ್ನು ಹಿಂಡುವುದರಲ್ಲೇ ಮುಗಿಯುತ್ತದೆ. ನಾಝಲ್ ಬಾಯಿ ಬಿಡುವುದೇ ಇಲ್ಲ.

ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಗಳಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಸ್ಕ್ರೂ ಬಿಗಿ ಮಾಡಬೇಕು. ಗಾಡಿ ಸ್ಟಾರ್ಟ್ ಆಗಿ ಮರುದಿನ ಬೆಳಗ್ಗೆ ಮತ್ತೆ ನಿಂತರೆ ಗಾಳಿ ಸೇರುವ ಬಿರುಕು ಇನ್ನೂ ಉಳಿದಿದೆ ಎಂದರ್ಥ. ಕೊಳವೆ, ವಾಷರ್‌ಗಳನ್ನು ಪರೀಕ್ಷಿಸಿ. ಪಂಪನ್ನು ದೂರುವ ಹೊತ್ತು ಇನ್ನೂ ಬಂದಿಲ್ಲ.

ಮೂರನೆಯ ಪ್ರಶ್ನೆ: ಬಿಸಿ ಸಾಕಷ್ಟಿದೆಯೇ?

ಬಿಳಿ ಹೊಗೆ ಬರುತ್ತಿರುವ ಗಾಡಿಗೆ ಈ ಪ್ರಶ್ನೆ. ಹಾಸನದ ಚಳಿಗಾಲದ ನಸುಕಿನಲ್ಲಿ ಗಾಳಿಯ ತಾಪ 15 ಡಿಗ್ರಿ ಸೆಲ್ಸಿಯಸ್, ಅಂದರೆ 288 ಕೆಲ್ವಿನ್ ಎನ್ನೋಣ. ಸಂಪೀಡನ ಅನುಪಾತ 18. ಉಷ್ಣ ಕಿಂಚಿತ್ತೂ ಸೋರದ ಸ್ಥಿರೋಷ್ಣ ಸಂಪೀಡನವಾದರೆ ಆರಂಭದ ತಾಪವನ್ನು 18ರ 0.4ನೇ ಘಾತದಿಂದ ಗುಣಿಸಬೇಕು. ಸಿಗುವುದು ಸುಮಾರು 915 ಕೆಲ್ವಿನ್, ಅಂದರೆ 642 ಡಿಗ್ರಿ. ವಾಸ್ತವದಲ್ಲಿ ತಣ್ಣನೆಯ ಸಿಲಿಂಡರ್ ಗೋಡೆ ಉಷ್ಣವನ್ನು ಹೀರುತ್ತದೆ. ಸವೆದ ಪಿಸ್ಟನ್ ರಿಂಗ್‌ಗಳ ಸಂದಿನಿಂದ ಗಾಳಿಯೂ ಜಾರುತ್ತದೆ. ಲೆಕ್ಕದಲ್ಲಿ ಘಾತವನ್ನು 0.3ಕ್ಕೆ ಇಳಿಸಿದರೆ ತಾಪ 412 ಡಿಗ್ರಿ, 0.2ಕ್ಕೆ ಇಳಿಸಿದರೆ 240 ಡಿಗ್ರಿ. ಕೆಲವೇ ಮಿಲಿಸೆಕೆಂಡುಗಳಲ್ಲಿ ಡೀಸೆಲ್ ಹೊತ್ತಲು ಇದು ಸಾಲದು.

ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಉಷ್ಣ ಸೋರಲು ಹೆಚ್ಚು ಸಮಯ ಸಿಗುತ್ತದೆ. ಅರೆಜೀವದ ಬ್ಯಾಟರಿ ಎಂಜಿನ್ನನ್ನು ತಿರುಗಿಸಿದರೂ ಹೊತ್ತಿಸಲಾರದು ಎಂಬುದಕ್ಕೆ ಇದೇ ಕಾರಣ. ಬಿಸಿಲೇರಿದ ಮೇಲೆ ಅದೇ ಗಾಡಿ ಸಲೀಸಾಗಿ ಸ್ಟಾರ್ಟ್ ಆದರೆ ಹೀಟರ್ ಪ್ಲಗ್, ಬ್ಯಾಟರಿ, ಸಂಪೀಡನ ಈ ಮೂರನ್ನು ಕ್ರಮವಾಗಿ ನೋಡಬೇಕು. ಕೆಲವು ಎಂಜಿನ್‌ಗಳಲ್ಲಿ ಹೀಟರ್ ಪ್ಲಗ್ ಇರುವುದಿಲ್ಲ.

ಕಾಮನ್ ರೈಲ್ ಇದ್ದರೆ

ಅನಂತರ ಬಂದ ಕಾಮನ್ ರೈಲ್ ಗಾಡಿಗಳಲ್ಲಿ ನಾಝಲ್‌ಗಳು ಕಂಪ್ಯೂಟರಿನ ಆಜ್ಞೆಯಂತೆ ತೆರೆಯುತ್ತವೆ. ಕ್ರ್ಯಾಂಕ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಕೆಟ್ಟರೆ, ರೈಲಿನಲ್ಲಿ ಒತ್ತಡ ಏರದಿದ್ದರೆ, ಕಂಪ್ಯೂಟರಿಗೆ ವಿದ್ಯುತ್ ಕೊಡುವ ಫ್ಯೂಸ್ ಅಥವಾ ರಿಲೇ ಸೋತರೆ ಎಂಜಿನ್ ಎಷ್ಟು ತಿರುಗಿದರೂ ಹೊತ್ತದು. ಇಲ್ಲಿಯೂ ಪ್ರಶ್ನೆಗಳ ಕ್ರಮ ಅದೇ; ಕೊನೆಯಲ್ಲಿ ಸ್ಕ್ಯಾನರ್ ನೆರವು ಬೇಕಾಗುತ್ತದೆ. ಈ ಗಾಡಿಗಳಲ್ಲಿ ಹೆಚ್ಚಿನ ಒತ್ತಡದ ಕೊಳವೆಯ ನಟ್ಟನ್ನು ಸೆಲ್ಫ್ ಹೊಡೆಯುತ್ತ ಸಡಿಲಿಸಲೇಬಾರದು. ಡೀಸೆಲ್ಲಿನ ಎಳೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯಾವ ಗಾಡಿಯಾದರೂ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದೇ ಪರೀಕ್ಷೆಗೆ ತೊಡಗಿ. ಬ್ಯಾಟರಿಯಿಂದ ಹೈಡ್ರೋಜನ್ ಹೊಮ್ಮಬಹುದಾದ್ದರಿಂದ ಅದರ ಬಳಿ ಬೀಡಿ, ಬೆಂಕಿಕಡ್ಡಿ ಬೇಡ.

ತರಗತಿಯಲ್ಲಿ ಮಾಡಿ ನೋಡಿ

1. ಸೂಜಿಯಿಲ್ಲದ ಸಿರಿಂಜಿನಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ, ಬಾಯಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಬಳಿಕ ಒಂದು ಗುಳ್ಳೆ ಸೇರಿಸಿ ಒತ್ತಿ. ಎರಡು ಸಲವೂ ಪಿಸ್ಟನ್ ಎಷ್ಟು ಸರಿಯಿತು ಎಂದು ಗುರುತಿಸಿ.

2. ಟಾರ್ಚ್ ಬಲ್ಬು ಮತ್ತು ಶುಷ್ಕಕೋಶಗಳ ಮಂಡಲದಲ್ಲಿ 10 ಓಮ್ ರೋಧಕವನ್ನು ಸರಣಿಯಲ್ಲಿ ಸೇರಿಸಿ. ಬಲ್ಬನ್ನು ಬಿಚ್ಚಿ ಅದರ ಹೋಲ್ಡರಿನ ತುದಿಗಳಲ್ಲಿ ಅಳೆದರೆ ವೋಲ್ಟೇಜ್ ಪೂರ್ತಿ ಕಾಣುತ್ತದೆ. ಬಲ್ಬು ಹಾಕಿದೊಡನೆ ಕುಸಿಯುತ್ತದೆ. ಕಿಲುಬು ಹಿಡಿದ ಟರ್ಮಿನಲ್ ಮಾಡುವ ಕೆಲಸವೂ ಇದೇ.

ಗ್ಯಾರೇಜಿನ ಅನುಭವಿ ಮೆಕ್ಯಾನಿಕ್ ಸದ್ದು, ಹೊಗೆ, ವಾಸನೆಗಳಿಂದಲೇ ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುತ್ತಾನೆ. ಆ ಅನುಭವದ ಹಿಂದಿರುವ ನಿಯಮಗಳು ವಿದ್ಯಾರ್ಥಿಗೆ ಈಗಾಗಲೇ ಗೊತ್ತು. ಮನೆಯ ಗಾಡಿ ನಿಂತಾಗ ಯಾವ ಭಾಗವನ್ನೂ ಬಿಚ್ಚುವ ಮುನ್ನ ಮೀಟರ್ ಹಿಡಿದು ಅಳೆಯುವ ಹುಡುಗ ಅಥವಾ ಹುಡುಗಿ ಒಂದು ದಿನದ ಮಾರಾಟವನ್ನೇ ಉಳಿಸಬಲ್ಲಳು, ಉಳಿಸಬಲ್ಲನು.