ಹಳೆಯ ವಿನೈಲ್ ಪ್ರಿಂಟರ್: ಕೊಳ್ಳುವುದು, ಕೂರಿಸುವುದು, ಕಾಪಾಡುವುದು

ಹಿಂಬದಿಗೆ ಅಂಟು ಬಳಿದ ಪಿವಿಸಿ ಹಾಳೆಯ ಮೇಲೆ ಇಂಕಿನ ಸೂಕ್ಷ್ಮ ಹನಿಗಳನ್ನು ಸಿಡಿಸಿ ಚಿತ್ರ ಮೂಡಿಸುವ ಯಂತ್ರವೇ ವಿನೈಲ್ ಪ್ರಿಂಟರ್. ಅಂಗಡಿಯ ಬೋರ್ಡು, ಆಟೋ ಹಿಂದಿನ ಸ್ಟಿಕ್ಕರ್, ಬ್ಯಾಂಕಿನ ಗಾಜಿನ ಬಾಗಿಲ ಮೇಲಿನ ಸೂಚನೆ, ಶಾಲಾ ವ್ಯಾನಿನ ಹೆಸರು ಬಹುಮಟ್ಟಿಗೆ ಇದರಲ್ಲೇ ಅಚ್ಚಾಗುತ್ತವೆ. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಬಂಡವಾಳ ಬೇಕು. ಹೀಗಾಗಿ ತಾಲ್ಲೂಕು ಕೇಂದ್ರಗಳಲ್ಲಿ ಈ ಕಸುಬಿಗೆ ಇಳಿಯುವ ಅನೇಕರು ಬಳಸಿದ ಯಂತ್ರ ಹುಡುಕುತ್ತಾರೆ. ರೋಲ್ಯಾಂಡ್ ಕಂಪನಿಯ ವರ್ಸಾಕ್ಯಾಮ್, ಮಿಮಾಕಿಯ ಜೆವಿ33, ಮುಟೋದ ವ್ಯಾಲ್ಯೂಜೆಟ್ ಮೊದಲಾದ ಜಪಾನಿ ಯಂತ್ರಗಳೂ ಎಪ್ಸನ್ ಹೆಡ್ ಕೂರಿಸಿದ ಚೀನಾದ ಯಂತ್ರಗಳೂ ಹೀಗೆ ಕೈ ಬದಲಾಯಿಸುತ್ತಿರುತ್ತವೆ. ಹತ್ತಡಿ ಅಗಲದ ಫ್ಲೆಕ್ಸ್ ಯಂತ್ರದ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ನಾಲ್ಕೈದು ಅಡಿ ಅಗಲದ ಇಕೋ ಸಾಲ್ವೆಂಟ್ ಯಂತ್ರಗಳ ಬಗ್ಗೆ. ಇವುಗಳ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ದುಡಿದು ಸವೆಯುವ ಯಂತ್ರಕ್ಕಿಂತ ಸುಮ್ಮನೆ ನಿಂತು ಕೆಡುವ ಯಂತ್ರಗಳೇ ಹೆಚ್ಚು.

ಕಾರಣ ಇಂಕು ಸಿಡಿಸುವ ಭಾಗವಾದ ಹೆಡ್ಡಿನಲ್ಲಿದೆ. ಎಪ್ಸನ್ ಡಿಎಕ್ಸ್5 ಹೆಡ್ಡಿನಲ್ಲಿ ಸಾಲಿಗೆ 180ರಂತೆ 8 ಸಾಲು, ಒಟ್ಟು 1,440 ರಂಧ್ರಗಳಿರುತ್ತವೆ. ಇವಕ್ಕೆ ನಾಝಲ್ ಎಂದು ಹೆಸರು. ಕೂದಲೆಳೆಗಿಂತಲೂ ಸಣ್ಣ ಈ ಪ್ರತಿಯೊಂದು ರಂಧ್ರದ ಹಿಂದೆ ವಿದ್ಯುತ್ ತಾಗಿದೊಡನೆ ಆಕಾರ ಬದಲಿಸುವ ಪಿಯೆಝೋ ವಸ್ತುವಿದೆ. ಅದು ಮಿಡಿದಾಗ ಒಂದು ಹನಿ ಹೊರಗೆ ಸಿಡಿಯುತ್ತದೆ. ಇಕೋ ಸಾಲ್ವೆಂಟ್ ಇಂಕಿನಲ್ಲಿರುವ ದ್ರಾವಕ ವಿನೈಲಿನ ಮೇಲ್ಮೈಯನ್ನು ಕೊಂಚ ಮೆತ್ತಗಾಗಿಸಿ ಬಣ್ಣದ ಕಣಗಳನ್ನು ಅದರಲ್ಲಿ ನೆಲೆಗೊಳಿಸುತ್ತದೆ, ಹೀಟರಿನ ಬಿಸಿಗೆ ಆವಿಯಾಗುತ್ತದೆ. ವಿನೈಲಿನ ಮೇಲೆ ಆಗಬೇಕಾದ ಈ ಒಣಗುವಿಕೆ ನಾಝಲ್ ಒಳಗೇ ಆಗಿಬಿಟ್ಟರೆ ರಂಧ್ರ ಕಟ್ಟಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ, ಕೆಲಸವಿಲ್ಲದಾಗ ಹೆಡ್ಡು ಬಲತುದಿಯಲ್ಲಿರುವ ರಬ್ಬರ್ ಅಂಚಿನ ಕ್ಯಾಪ್ ಮೇಲೆ ಗಾಳಿಯಾಡದಂತೆ ಕೂತಿರುತ್ತದೆ.

ಕೊಳ್ಳಲು ಹೋದಾಗ ಯಂತ್ರದ ಹೊಳಪನ್ನಾಗಲಿ ಮಾರುವವರು ತೋರಿಸುವ ಹಳೆಯ ಮಾದರಿ ಪ್ರಿಂಟನ್ನಾಗಲಿ ನೆಚ್ಚಿಕೊಳ್ಳುವಂತಿಲ್ಲ. ಕಣ್ಣೆದುರೇ ನಾಝಲ್ ಚೆಕ್ ಹೊಡೆಸಬೇಕು. ಪ್ರತಿ ಬಣ್ಣಕ್ಕೂ ಮೆಟ್ಟಿಲಿನಂತೆ ಸಣ್ಣ ಗೆರೆಗಳು ಬರುತ್ತವೆ. ಒಂದೊಂದು ಗೆರೆಯೂ ಒಂದೊಂದು ನಾಝಲ್‌ನದು. ಒಂದು ಸಲ ಹೊಡೆಸಿದರೆ ಸಾಲದು. ಮೊದಲ ಚೆಕ್ ಆದ ಮೇಲೆ ಗಾಢ ಬಣ್ಣದ ಪಟ್ಟಿಯೊಂದನ್ನು ಒಂದೆರಡು ಮೀಟರ್ ಉದ್ದಕ್ಕೆ ಬಿಡದೆ ಮುದ್ರಿಸಿ ಎರಡನೆಯದನ್ನು ಹೊಡೆಸಬೇಕು. ಯಂತ್ರವನ್ನು ಒಂದು ಗಂಟೆ ಸುಮ್ಮನೆ ಬಿಟ್ಟು ಮೂರನೆಯದನ್ನು ನೋಡಬೇಕು.

ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಯಂತ್ರದ ಹಣೆಬರಹ ತಿಳಿಯುತ್ತದೆ. ಖಾಲಿ ಗೆರೆಗಳು ಮೂರರಲ್ಲೂ ಒಂದೇ ಜಾಗದಲ್ಲಿದ್ದರೆ ಆ ನಾಝಲ್‌ಗಳು ಕಟ್ಟಿಕೊಂಡಿವೆ ಅಥವಾ ವಿದ್ಯುತ್ ಭಾಗದಲ್ಲೇ ಸತ್ತಿವೆ ಎಂದರ್ಥ, ದೋಷ ಹೆಡ್ಡಿನದು. ಖಾಲಿ ಜಾಗ ಸಲಸಲಕ್ಕೂ ಬದಲಾಗುತ್ತಿದ್ದರೆ ಹೆಡ್ಡು ಬಹುಶಃ ಸರಿಯಿದೆ, ಇಂಕಿನ ದಾರಿಯಲ್ಲಿ ಗಾಳಿ ಸೇರುತ್ತಿದೆ. ಹೆಡ್ಡಿಗೆ ಇಂಕು ಹಾಯಿಸುವ ಪುಟ್ಟ ಡಬ್ಬಿಯಾದ ಡ್ಯಾಂಪರ್, ಪೈಪಿನ ಜೋಡಣೆ ಅಥವಾ ಕ್ಯಾಪ್ ಬದಲಿಸಿದರೆ ಸರಿಹೋಗಬಹುದು. ಪಟ್ಟಿ ಹೊಡೆದ ಮೇಲಷ್ಟೇ ಗೆರೆಗಳು ಮಾಯವಾದರೆ ಹೆಡ್ಡಿಗೆ ಇಂಕು ಸಾಕಷ್ಟು ಬರುತ್ತಿಲ್ಲ. ಗಂಟೆ ಕಳೆದ ಮೇಲೆ ಮಾಯವಾದರೆ ಕ್ಯಾಪ್ ಹೆಡ್ಡನ್ನು ಸರಿಯಾಗಿ ಮುಚ್ಚುತ್ತಿಲ್ಲ. ಡ್ಯಾಂಪರ್, ಕ್ಯಾಪ್, ಹೆಡ್ಡಿನ ಮುಖ ಒರೆಸುವ ವೈಪರ್ ಕಡಿಮೆ ಖರ್ಚಿನ ಬಿಡಿಭಾಗಗಳು. ಹೆಡ್ಡು ಹಾಗಲ್ಲ, ಹಳೆಯ ಯಂತ್ರದ ಬೆಲೆಯ ದೊಡ್ಡ ಪಾಲನ್ನು ಅದೊಂದೇ ನುಂಗಬಲ್ಲದು. ಚೌಕಾಸಿಗೆ ಕೂರುವ ಮುನ್ನ ಈ ವ್ಯತ್ಯಾಸ ಗೊತ್ತಿರಬೇಕು.

ಕ್ಯಾಪನ್ನು ಬೇರೆಯಾಗಿಯೂ ಪರೀಕ್ಷಿಸಬಹುದು. ಹೆಡ್ಡನ್ನು ಪಕ್ಕಕ್ಕೆ ಸರಿಸಿ, ಕ್ಯಾಪ್ ತುಂಬ ಕ್ಲೀನಿಂಗ್ ದ್ರಾವಣ ಹಾಕಿ ಕೆಲವು ನಿಮಿಷ ಕಾಯಬೇಕು. ದ್ರಾವಣ ನಿಂತೇ ಇದ್ದು, ಕ್ಯಾಪಿನಿಂದ ಇಂಕು ಹೀರುವ ಪಂಪು ಓಡಿಸಿದಾಗ ಸರ್ರನೆ ಇಳಿದುಹೋದರೆ ಕ್ಯಾಪು, ಪಂಪು ಎರಡೂ ಗಟ್ಟಿ. ಪಂಪು ಓಡದಿದ್ದಾಗಲೇ ಇಳಿದರೆ ಎಲ್ಲೋ ಸೋರಿಕೆಯಿದೆ. ಹೆಡ್ಡಿಗೆ ಹೋಗುವ ಚಪ್ಪಟೆ ಕೇಬಲ್ಲಿನ ತುದಿಯಲ್ಲಿ ಇಂಕಿನ ಕಲೆ ಇದ್ದರೆ ಆ ಯಂತ್ರವನ್ನು ಬಿಡುವುದೇ ವಾಸಿ. ಒದ್ದೆ ಕೇಬಲ್ ಶಾರ್ಟ್ ಆದರೆ ಹೆಡ್ಡಿನ ಜೊತೆಗೆ ಮೇನ್ ಬೋರ್ಡೂ ಸುಟ್ಟುಹೋಗುತ್ತದೆ.

ಸಾಗಿಸುವ ಮೊದಲು ಇಂಕು ಬಸಿದು, ವೇಸ್ಟ್ ಇಂಕಿನ ಬಾಟಲಿ ಖಾಲಿ ಮಾಡಿ, ಹೆಡ್ಡು ಹೊತ್ತ ಕ್ಯಾರೇಜನ್ನು ಅದರ ಜಾಗದಲ್ಲಿ ಬಿಗಿಯಬೇಕು. ಟೆಂಪೋಗೆ ಏರಿಸುವಾಗ ಯಂತ್ರವನ್ನು ಒಂದು ಬದಿಗೆ ಎತ್ತಿ ವಾಲಿಸಿದರೆ ಪೈಪಿನಲ್ಲಿ ಉಳಿದ ಇಂಕು ಹಿಂದಕ್ಕೋ ಹೆಡ್ಡಿನತ್ತಲೋ ಹರಿಯುತ್ತದೆ. ಇಂಥ ಯಂತ್ರಕ್ಕೆ ನೂರು ಕಿಲೋಗೂ ಮೀರಿದ ತೂಕವಿರುವುದರಿಂದ ನಾಲ್ಕು ಜನರ ಕೈ ಬೇಕೇ ಬೇಕು.

ಅಂಗಡಿಯಲ್ಲಿ ಗಟ್ಟಿ ನೆಲದ ಮೇಲೆ ಕೂರಿಸಿ, ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ಸಮ ಮಾಡುವುದು ಮೊದಲ ಕೆಲಸ. ಮಟ್ಟ ತಪ್ಪಿದರೆ ಉದ್ದನೆಯ ವಿನೈಲ್ ನಿಧಾನವಾಗಿ ಒಂದು ಕಡೆಗೆ ಸರಿಯುತ್ತಾ ಹೋಗುತ್ತದೆ. ಆಮೇಲೆ ಕರೆಂಟು. ಈ ಯಂತ್ರಗಳಿಗೆ ಪ್ರತ್ಯೇಕ ಅರ್ಥಿಂಗ್ ಕಡ್ಡಾಯ ಎಂದೇ ತಿಳಿಯಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮೀಟರ್ ಹಿಡಿದರೆ 3 ವೋಲ್ಟ್‌ಗಿಂತ ಕಡಿಮೆ ಇರುವುದು ಒಳ್ಳೆಯದು. ಒಣ ವಿನೈಲ್ ರೋಲಿನಿಂದ ಬಿಚ್ಚಿಕೊಳ್ಳುವಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಇಳಿದುಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಹನಿಗಳು ಅಂಚಿನಲ್ಲಿ ಮಂಜಿನಂತೆ ಚದುರುತ್ತವೆ, ಕೆಲವೊಮ್ಮೆ ಹೆಡ್ಡಿನ ಸರ್ಕ್ಯೂಟಿಗೂ ಪೆಟ್ಟು ಬೀಳುತ್ತದೆ. ವಿದೇಶದಿಂದ ಬಂದ ಯಂತ್ರವಾದರೆ ಹಿಂಬದಿಯ ಫಲಕದಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ ಎಂಬುದನ್ನು, ಹೀಟರಿನ ಲೆಕ್ಕವನ್ನೂ ಸೇರಿಸಿ, ಪ್ಲಗ್ ಹಾಕುವ ಮುನ್ನವೇ ನೋಡಿಕೊಳ್ಳಬೇಕು.

ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯದಿರುವುದು ಲೇಸು. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ಡು ವಿನೈಲಿನ ಮೇಲೆ ಬಾಯಿ ತೆರೆದುಕೊಂಡು ನಿಂತುಬಿಡುತ್ತದೆ. ಹಲವು ಯಂತ್ರಗಳಲ್ಲಿ ಆಗ ಸ್ವಿಚ್ ಆರಿಸಿ ಕ್ಯಾರೇಜನ್ನು ಕೈಯಿಂದಲೇ ಮೆಲ್ಲಗೆ ಕ್ಯಾಪಿನತ್ತ ತಳ್ಳಬಹುದು. ಅದನ್ನು ಅಂಗಡಿಯ ಹುಡುಗರಿಗೆಲ್ಲ ಮೊದಲ ದಿನವೇ ಕಲಿಸಿಡಬೇಕು.

ಕೋಣೆಯ ಹವೆಯೂ ಯಂತ್ರದ ಭಾಗವೇ. 20ರಿಂದ 30 ಡಿಗ್ರಿ ಉಷ್ಣತೆ, ಶೇ. 40ರಿಂದ 60ರಷ್ಟು ತೇವಾಂಶ ಇದಕ್ಕೆ ಹಿತ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಬಿಸಿಲಿನಲ್ಲಿ ಗಾಳಿ ಒಣಗಿ ನಾಝಲ್ ಬೇಗ ಕಟ್ಟುತ್ತದೆ, ಸ್ಥಿರ ವಿದ್ಯುತ್ತೂ ಏರುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಇದಕ್ಕೆ ತಿರುವುಮುರುವು. ಇಂಕು ಒಣಗಲು ತಡವಾಗುತ್ತದೆ, ವಿನೈಲಿನ ಹಿಂಬದಿಯ ಕಾಗದ ತೇವ ಹೀರಿ ಅಂಚು ಮೇಲೇಳುತ್ತದೆ. ವಿನೈಲಿಗೂ ಹೆಡ್ಡಿಗೂ ನಡುವೆ ಇರುವುದೇ ಎರಡು ಮಿಲಿಮೀಟರಿನಷ್ಟು ಅಂತರ. ವೇಗವಾಗಿ ಓಡುವ ಹೆಡ್ಡು ಎದ್ದ ಅಂಚಿಗೆ ಬಡಿದರೆ ಮುಖಕ್ಕೆ ಗೀರು ಬೀಳುತ್ತದೆ, ಆ ಗೀರಿಗೆ ಔಷಧಿಯಿಲ್ಲ. ತೇವಾಂಶ ತೋರಿಸುವ ಸಣ್ಣ ಮಾಪಕವನ್ನು ಯಂತ್ರದ ಪಕ್ಕದಲ್ಲೇ ನೇತುಹಾಕುವುದು ಅತ್ಯಂತ ಲಾಭದ ಖರ್ಚು.

ಇಂಕು ತುಂಬುವ ಮುನ್ನ ಹಿಂದಿನ ಮಾಲೀಕರು ಯಾವ ಇಂಕು ಬಳಸಿದ್ದರೆಂದು ಕೇಳಿ ತಿಳಿಯಬೇಕು. ಹೊಂದದ ಎರಡು ಇಂಕುಗಳು ಪೈಪಿನಲ್ಲಿ ಸೇರಿದರೆ ಹಾಲು ಒಡೆದಂತೆ ಗಡ್ಡೆಗಟ್ಟಿ ಹೆಡ್ಡು ಪೂರ್ತಿ ಹಾಳಾಗಬಹುದು. ಕಂಪನಿ ಬದಲಾಗುವುದಾದರೆ ಹಳೆಯದನ್ನು ಪೂರ್ಣ ಬಸಿದು, ಅದೇ ಬಗೆಯ ಇಂಕಿಗೆ ಹೇಳಿ ಮಾಡಿಸಿದ ಕ್ಲೀನಿಂಗ್ ದ್ರಾವಣದಿಂದ ಪೈಪು ತೊಳೆದು, ಡ್ಯಾಂಪರ್‌ಗಳನ್ನು ಹೊಸದು ಹಾಕಿ, ಆಮೇಲೆ ಹೊಸ ಇಂಕು ಎಳೆಯಬೇಕು. ನೀರು ಎಲ್ಲಿಯೂ ಸೋಕಬಾರದು. ಹೆಡ್ಡಿನ ಕೇಬಲ್ ಬಿಚ್ಚುವ ಕೆಲಸವಿದ್ದರೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕಿತ್ತು ಕೆಲ ನಿಮಿಷ ಕಾಯಬೇಕು.

ಮುಂದಿನದು ಹೊಂದಾಣಿಕೆ. ಹೆಡ್ಡು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಮುದ್ರಿಸುತ್ತದೆ. ಎರಡೂ ದಿಕ್ಕಿನ ಗೆರೆಗಳು ಕೂಡದಿದ್ದರೆ ಸಣ್ಣ ಅಕ್ಷರಗಳ ಅಂಚು ಎರಡೆರಡಾಗಿ ಕಾಣುತ್ತದೆ. ಹಾಳೆ ಮುಂದೆ ಸರಿಯುವ ಅಳತೆ ಹೆಚ್ಚಾದರೆ ಪಾಸುಗಳ, ಅಂದರೆ ಹೆಡ್ಡಿನ ಒಂದೊಂದು ಓಟದ ಪಟ್ಟಿಗಳ, ನಡುವೆ ಬಿಳಿ ಗೆರೆ, ಕಡಿಮೆಯಾದರೆ ಕಪ್ಪು ಗೆರೆ. ಈ ಎರಡನ್ನೂ ಯಂತ್ರದ ಮೆನುವಿನಲ್ಲೇ ಸರಿಪಡಿಸಬಹುದು. ವಿನೈಲಿನ ಕಂಪನಿ ಬದಲಾದರೆ, ಹೀಟರಿನ ಬಿಸಿ ಬದಲಾದರೆ ಮತ್ತೊಮ್ಮೆ ನೋಡಬೇಕು. ಬಿಳಿ ಗೆರೆ ಕಂಡೊಡನೆ ಹೆಡ್ಡು ಕೆಟ್ಟಿತೆಂದು ಕ್ಲೀನಿಂಗ್ ಮೇಲೆ ಕ್ಲೀನಿಂಗ್ ಹೊಡೆಯುವ ಅಭ್ಯಾಸ ಇಂಕನ್ನು ಸುರಿಯುತ್ತದೆಯೇ ಹೊರತು ಗೆರೆಯನ್ನು ಅಳಿಸುವುದಿಲ್ಲ. ನಾಝಲ್ ಚೆಕ್ ಪೂರ್ತಿಯಾಗಿ ಬಂದಿದ್ದರೆ ಗೆರೆಯ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ದಿನದ ಆರೈಕೆಗೆ ಹತ್ತು ನಿಮಿಷ ಸಾಕು. ಬೆಳಿಗ್ಗೆ ಮೊದಲು ನಾಝಲ್ ಚೆಕ್. ಗೆರೆ ತಪ್ಪಿದ್ದರೆ ಒಂದು ಸಾಧಾರಣ ಕ್ಲೀನಿಂಗ್. ಸಂಜೆ ಕ್ಯಾಪಿನ ರಬ್ಬರ್ ಅಂಚು, ವೈಪರ್, ಹೆಡ್ಡಿನ ಸುತ್ತಲಿನ ಲೋಹದ ಚೌಕಟ್ಟುಗಳಿಗೆ ಅಂಟಿದ ಇಂಕಿನ ಜಿಗುಟನ್ನು ದ್ರಾವಣದಲ್ಲಿ ಅದ್ದಿದ ಸ್ಪಂಜಿನ ಕಡ್ಡಿಯಿಂದ ಒರೆಸಬೇಕು. ಹೆಡ್ಡಿನ ಮುಖವನ್ನು ಮಾತ್ರ ಉಜ್ಜುವಂತಿಲ್ಲ. ಕಿವಿಗೆ ಹಾಕುವ ಹತ್ತಿಯ ಕಡ್ಡಿಯೂ ಬೇಡ, ಅದರ ಎಳೆ ನಾಝಲ್‌ಗೆ ಸಿಕ್ಕಿಕೊಳ್ಳುತ್ತದೆ. ವೈಪರ್ ಗಟ್ಟಿಯಾಗಿದ್ದರೆ, ಅಂಚು ಸೀಳಿದ್ದರೆ ಬದಲಿಸುವುದೇ ಸರಿ.

ಕ್ಯಾರೇಜಿನ ಹಿಂದೆ ಉದ್ದಕ್ಕೆ ಎಳೆದು ಕಟ್ಟಿದ ಪಾರದರ್ಶಕ ಎನ್‌ಕೋಡರ್ ಪಟ್ಟಿಯೊಂದು ಇರುತ್ತದೆ. ಅದರ ನವಿರು ಗೆರೆಗಳನ್ನು ಎಣಿಸಿಯೇ ಹೆಡ್ಡು ತಾನು ಎಲ್ಲಿದ್ದೇನೆಂದು ತಿಳಿಯುತ್ತದೆ. ಪಟ್ಟಿಯ ಮೇಲೆ ಧೂಳೋ ಎಣ್ಣೆಯೋ ಕುಳಿತರೆ ಚಿತ್ರ ಪಕ್ಕಕ್ಕೆ ಜಿಗಿಯುತ್ತದೆ, ಕ್ಯಾರೇಜು ಗೋಡೆಗೆ ಬಡಿಯುತ್ತದೆ. ಎಳೆ ಬಿಡದ ಮೆತ್ತನೆ ಬಟ್ಟೆಯಿಂದ ಹಗುರವಾಗಿ ಒರೆಸಬೇಕು. ಕಟುವಾದ ದ್ರಾವಕ ತಾಗಿಸಿದರೆ ಗೆರೆಗಳೇ ಅಳಿದುಹೋಗುತ್ತವೆ. ಆಯುಧಪೂಜೆಯ ದಿನ ಅರಿಸಿನ, ಕುಂಕುಮಗಳನ್ನು ಯಂತ್ರದ ಹೊರಮೈಗಷ್ಟೇ ಹಚ್ಚಿ, ಮುಚ್ಚಳ ತೆರೆಯದಿರುವುದು ಕ್ಷೇಮ. ದೀಪ, ಊದುಬತ್ತಿಗಳನ್ನು ದೂರವಿಡಬೇಕು. ಇಂಕಿನ ಆವಿಯಿರುವ ಕೋಣೆಯಲ್ಲಿ ಬೆಂಕಿ ಅಪಾಯ, ಹೊಗೆಯ ಬೂದಿಯೂ ಒಳಗಿಳಿಯುತ್ತದೆ. ಆವಿ ಹೊರಹೋಗಲು ಎಕ್ಸಾಸ್ಟ್ ಫ್ಯಾನ್, ಕೈಗೆ ನೈಟ್ರೈಲ್ ಗವಸು ಇರಲೇಬೇಕು. ವೇಸ್ಟ್ ಇಂಕನ್ನು ಚರಂಡಿಗೆ ಸುರಿಯದೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ಪರವಾನಗಿ ಇದ್ದವರಿಗೇ ಒಪ್ಪಿಸಬೇಕು.

ಮುದ್ರಿಸಿದ ವಿನೈಲನ್ನು ಒಡನೆಯೇ ಲ್ಯಾಮಿನೇಟ್ ಮಾಡುವುದು ಅವಸರದ ಕೆಲಸ. ಕೈಗೆ ಒಣಗಿದಂತೆ ಕಂಡರೂ ಒಳಗೆ ದ್ರಾವಕ ಉಳಿದಿರುತ್ತದೆ. ಸಡಿಲವಾಗಿ ಸುತ್ತಿ 24 ಗಂಟೆ ಬಿಟ್ಟ ಮೇಲೆ ಲ್ಯಾಮಿನೇಷನ್ ಹಾಕಿದರೆ ಗುಳ್ಳೆ ಏಳುವುದಿಲ್ಲ, ಅಂಟೂ ಕೆಡುವುದಿಲ್ಲ. ಈ ಯಂತ್ರದಲ್ಲಿ ಫ್ಲೆಕ್ಸ್ ಕೂಡ ಓಡುತ್ತದೆಯಾದರೂ ಅದನ್ನು ನಂಬಿ ಬಂಡವಾಳ ಹಾಕುವಂತಿಲ್ಲ. 2016ರ ಮಾರ್ಚ್‌ನ ಸರ್ಕಾರಿ ಅಧಿಸೂಚನೆ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್‌ಗಳನ್ನು ನಿಷೇಧಿಸಿದೆ.

ರಾತ್ರಿ ಅಂಗಡಿ ಮುಚ್ಚುವಾಗ ಮೇನ್ ಸ್ವಿಚ್ ಆರಿಸಿ ಹೋಗುವುದು ನಮ್ಮಲ್ಲಿ ರೂಢಿ. ಇಂಥ ಯಂತ್ರಕ್ಕೆ ಅದು ಮುಳುವು. ಅನೇಕ ಮಾದರಿಗಳು ಮುಂಬದಿಯ ಬಟನ್ ಆರಿಸಿದ ಮೇಲೂ ಆಗಾಗ ತಾವೇ ಎಚ್ಚೆತ್ತು, ಒಂದಿಷ್ಟು ಇಂಕು ಎಳೆದು ಹೆಡ್ಡನ್ನು ಒದ್ದೆಯಾಗಿಡುತ್ತವೆ. ಹಿಂಬದಿಯ ಸ್ವಿಚ್ ಸದಾ ಆನ್ ಇದ್ದರೆ ಮಾತ್ರ ಇದು ಸಾಧ್ಯ. ಕೆಲಸವಿಲ್ಲದ ದಿನವೂ ಎಲ್ಲ ಬಣ್ಣಗಳ ಒಂದು ಸಣ್ಣ ಪಟ್ಟಿಯನ್ನು ಮುದ್ರಿಸಿಬಿಡಬೇಕು. ಹಬ್ಬಕ್ಕೋ ಊರಿಗೋ ಒಂದೆರಡು ದಿನ ಮುಚ್ಚುವುದಾದರೆ ಕ್ಯಾಪಿಗೆ ಕ್ಲೀನಿಂಗ್ ದ್ರಾವಣ ಹಾಕಿ ಹೆಡ್ಡನ್ನು ಅದರ ಮೇಲೆ ಕೂರಿಸಿದರೆ ಸಾಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಇಂಕನ್ನೆಲ್ಲ ಬಸಿದು, ಪೈಪು, ಡ್ಯಾಂಪರ್, ಹೆಡ್ಡುಗಳಲ್ಲಿ ಇಂಕಿನ ಬದಲು ದ್ರಾವಣವನ್ನೇ ತುಂಬಿ, ಯಂತ್ರಕ್ಕೆ ಹೊದಿಕೆ ಹಾಕಿಡಬೇಕು. ಮತ್ತೆ ಶುರುಮಾಡುವಾಗ ದ್ರಾವಣ ಪೂರ್ತಿ ಹೊರಬಂದು ಬಣ್ಣ ಗಟ್ಟಿಯಾಗುವವರೆಗೆ ಇಂಕು ಎಳೆದು, ನಾಝಲ್ ಚೆಕ್ ಸರಿ ಬಂದ ಮೇಲಷ್ಟೇ ಗಿರಾಕಿಯ ಕೆಲಸಕ್ಕೆ ಕೈ ಹಾಕಬೇಕು.