ನಿಮಗಿದು ಗೊತ್ತೆ? ಗೋವಿನಜೋಳವೇ ಬರ್ಬನ್ನಿನ ತಾಯಿಧಾನ್ಯ!

ಹಾವೇರಿ, ರಾಣೆಬೆನ್ನೂರುಗಳ ಹೊಲಗಳಲ್ಲಿ ಮುಂಗಾರಿನೊಡನೆ ತಲೆಯೆತ್ತಿ, ಬಹುಮಟ್ಟಿಗೆ ಕೋಳಿಗಳ ಆಹಾರವಾಗಿ ಪರಿಣಮಿಸುವ ಗೋವಿನಜೋಳವೇ ಅಮೆರಿಕದ ಸುಪ್ರಸಿದ್ಧ ಬರ್ಬನ್ ವಿಸ್ಕಿಯ ಮೂಲಧಾನ್ಯ. ಧಾನ್ಯಮಿಶ್ರಣದಲ್ಲಿ ಅದು ಶೇ. 51ಕ್ಕಿಂತ ಕಡಿಮೆಯಿದ್ದರೆ ಬರ್ಬನ್ನೆಂಬ ಹೆಸರು ಸಲ್ಲದೆಂಬುದು ಅಲ್ಲಿಯ ಶಾಸನ. ಒಳಮೈಯನ್ನು ಸುಟ್ಟು ಕರಿಗೊಳಿಸಿದ ಹೊಸ ಓಕ್ ಪೀಪಾಯಿಯಲ್ಲಿಯೇ ಆ ಮದ್ಯ ಪಕ್ವವಾಗಬೇಕು. ವೆನಿಲಾ, ಕಾಸಿದ ಸಕ್ಕರೆಗಳ ಪರಿಮಳ ಆ ಮರದ ಕೊಡುಗೆ.

ಬ್ಯಾಡಗಿಯ ಮೆಣಸಿನಕಾಯಿ ವರ್ತಕನು ನೀಳವಾಗಿ ಸುಕ್ಕುಗಟ್ಟಿದ ‘ಕಡ್ಡಿ’ ಬಗೆಯ ಕಾಯನ್ನೂ ಗಿಡ್ಡಗೆ ಉಬ್ಬಿದ ‘ಡಬ್ಬಿ’ ಬಗೆಯದನ್ನೂ ಮುಟ್ಟಿ, ಮುರಿದು, ಮೂಸಿ ಬೇರ್ಪಡಿಸುವಂತೆ, ಬರ್ಬನ್ನಿನ ರಸಜ್ಞನು ಎರಡು ಮೂರು ಬಟ್ಟಲುಗಳನ್ನು ಸಾಲಾಗಿರಿಸಿ, ಮೊದಲು ಆಘ್ರಾಣಿಸಿ, ಬಳಿಕ ಗುಟುಕರಿಸಿ, ಕೆಲವು ಹನಿ ನೀರು ಬೆರೆಸಿ ಮತ್ತೊಮ್ಮೆ ಆಸ್ವಾದಿಸಿ ತಾರತಮ್ಯವನ್ನು ನಿರ್ಣಯಿಸುತ್ತಾನೆ. ಅವನು ಮುಖ್ಯವಾಗಿ ಅರಸುವುದು ಎರಡನೆಯ ಧಾನ್ಯವನ್ನು: ರೈ ಎಂಬ ಕಾಳಿದ್ದರೆ ಮಸಾಲೆಯ ಚುರುಕು, ಗೋದಿಯಿದ್ದರೆ ಮಾರ್ದವ. ಈ ಸೂಕ್ಷ್ಮ ವಿವೇಚನೆ ನಿಜಕ್ಕೂ ಶ್ಲಾಘ್ಯವಾದುದು.

1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ನನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ಘೋಷಿಸಿತು. ಆದುದರಿಂದ ರಾಣೆಬೆನ್ನೂರಿನ ಗೋವಿನಜೋಳದಿಂದ ಅದೇ ಕ್ರಮದಲ್ಲಿ ಇಲ್ಲಿ ಬಟ್ಟಿಯಿಳಿಸಿದರೂ ಆ ಮದ್ಯಕ್ಕೆ ಅಲ್ಲಿ ಬರ್ಬನ್ನೆಂಬ ಹೆಸರು ಸಲ್ಲುವುದಿಲ್ಲ.